ಮೆದುಳಿಗೆ ಸ್ಪೇರ್ ಪಾರ್ಟ್ ಸಿಗುತ್ತಾ?

ಬೈಕಿನ ಪಾರ್ಟ್ ಹೋದರೆ ಹೊಸದು ಹಾಕಿಸ್ತೀವಿ. ಮೆದುಳಿನ ನರಕೋಶ ಸತ್ತರೆ? ಗಾಯ ಆದ ಚರ್ಮದ ಹಾಗೆ ಅದು ಮತ್ತೆ ಬೆಳೆಯಲ್ಲ. ಸ್ಟೆಮ್ ಸೆಲ್, ಅಂದರೆ ಕಾಂಡಕೋಶ, ಇದಕ್ಕೆ ಉತ್ತರ ಆಗಬಹುದಾ? ಪಾರ್ಕಿನ್ಸನ್ ಕಾಯಿಲೆಯನ್ನೇ ಉದಾಹರಣೆಯಾಗಿ ತಗೊಂಡು ನೋಡೋಣ.

ಮೆದುಳಿನ ಆಳದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನೋ ಪುಟ್ಟ ಭಾಗವಿದೆ. ಅಲ್ಲಿನ ನರಕೋಶಗಳು ಉದ್ದನೆಯ ಎಳೆಗಳ ಮೂಲಕ ಪ್ಯುಟಾಮೆನ್ ಎಂಬ ಇನ್ನೊಂದು ಭಾಗಕ್ಕೆ ಡೋಪಮೈನ್ ತಲುಪಿಸುತ್ತವೆ. ನಮ್ಮ ಚಲನೆ ಸಲೀಸಾಗಿರೋದು ಇದರಿಂದ. ಈ ಕೋಶಗಳು ಸಾಯುತ್ತಾ ಹೋದರೆ ಕೈ ನಡುಗುತ್ತೆ, ಮೈ ಬಿಗಿಯುತ್ತೆ, ನಡಿಗೆ ನಿಧಾನವಾಗುತ್ತೆ. ಲೆವೊಡೋಪಾ ಮಾತ್ರೆ ಡೋಪಮೈನ್ ಕೊರತೆ ತುಂಬುತ್ತೆ. ಕೋಶಗಳ ಸಾವನ್ನು ನಿಲ್ಲಿಸಲ್ಲ.

ಹಾಗಾದ್ರೆ ಹೊಸ ಕೋಶ ಎಲ್ಲಿಂದ ತರೋದು? 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರ ತಂಡ ಇಲಿಯ ಕೋಶಗಳಿಗೆ ನಾಲ್ಕು ಜೀನ್ ಸೇರಿಸಿ, ಅವನ್ನು ಕಾಂಡಕೋಶದಂಥ ಸ್ಥಿತಿಗೆ ವಾಪಸ್ ತಂದಿತು. ಫೋನ್ ಫ್ಯಾಕ್ಟರಿ ರೀಸೆಟ್ ಮಾಡಿದ ಹಾಗೆ! 2007ರಲ್ಲಿ ಮನುಷ್ಯರ ಕೋಶದಲ್ಲೂ ಇದು ಸಾಧ್ಯವಾಯಿತು. ಇವೇ ಐಪಿಎಸ್ ಕೋಶಗಳು. 2012ರಲ್ಲಿ ಯಮನಾಕ ಅವರಿಗೆ ಜಾನ್ ಗರ್ಡನ್ ಜೊತೆ ನೊಬೆಲ್ ಬಂತು.

ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಜುನ್ ತಕಹಾಶಿ ಅವರ ತಂಡ ಐಪಿಎಸ್ ಕೋಶಗಳಿಂದ ಡೋಪಮೈನ್ ನರಕೋಶದ ಎಳೆಯ ರೂಪವನ್ನು ಬೆಳೆಸಿ, 2018ರಿಂದ 7 ರೋಗಿಗಳ ಮೆದುಳಿಗೆ ಕಸಿ ಮಾಡಿತು. ಇಲ್ಲೊಂದು ಒಳ್ಳೆಯ ಡಿಸೈನ್ ನಿರ್ಧಾರ ಇದೆ. ಕೋಶ ಸತ್ತ ಜಾಗದಲ್ಲೇ ಹೊಸದನ್ನು ಇಟ್ಟರೆ ಎಳೆ ಅಷ್ಟು ದೂರ ಬೆಳೆಯೋದು ಕಷ್ಟ. ಅದಕ್ಕೇ ಡೋಪಮೈನ್ ಬೇಕಾಗಿರೋ ಪ್ಯುಟಾಮೆನ್‌ನಲ್ಲೇ ಇಟ್ಟರು.

2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ಗಂಭೀರ ಅಡ್ಡಪರಿಣಾಮ ಕಾಣಲಿಲ್ಲ, ಗೆಡ್ಡೆ ಬೆಳೆಯಲಿಲ್ಲ. ಪರಿಣಾಮ ಅಳೆದ 6 ಜನರಲ್ಲಿ 4 ಜನರ ಚಲನೆ, ಮಾತ್ರೆಯ ಪ್ರಭಾವ ಇಲ್ಲದ ಹೊತ್ತಲ್ಲೂ, ಸುಧಾರಿಸಿತ್ತು. ಆದರೆ ಹೋಲಿಸಿ ನೋಡಲು ಕಂಟ್ರೋಲ್ ಗುಂಪು ಇರಲಿಲ್ಲ. ಪಾರ್ಕಿನ್ಸನ್‌ನಲ್ಲಿ ಬರೀ ನಂಬಿಕೆಯಿಂದಲೂ ಸ್ವಲ್ಪ ಸುಧಾರಣೆ ಕಾಣುತ್ತೆ. ಹಾಗಾಗಿ ಇದು ಭರವಸೆ ಕೊಡುವ ಪ್ರೋಟೋಟೈಪ್, ಅಷ್ಟೇ.

ಎಲ್ಲಾ ನರರೋಗಕ್ಕೂ ಇದೇ ದಾರಿ ನಡೆಯಲ್ಲ. ಪಾರ್ಕಿನ್ಸನ್‌ನಲ್ಲಿ ಚಲನೆಯ ತೊಂದರೆಗೆ ಮುಖ್ಯ ಕಾರಣ ಒಂದು ಜಾಗದ, ಒಂದು ಬಗೆಯ ಕೋಶ. ಆಲ್ಝೈಮರ್‌ನಲ್ಲಿ ಹಾನಿ ಮೆದುಳಿನ ತುಂಬಾ ಹರಡಿರುತ್ತೆ. ಎಎಲ್‌ಎಸ್‌ನಲ್ಲಿ ಸಾಯುವ ಕೋಶಗಳಲ್ಲಿ ಕೆಲವದರ ಎಳೆ ಬೆನ್ನುಹುರಿಯಿಂದ ಕಾಲಿನವರೆಗೆ, ಸುಮಾರು ಒಂದು ಮೀಟರ್ ಉದ್ದ ಇರುತ್ತೆ.

ಆದರೂ ಆಟಿಸಂ, ಸೆರೆಬ್ರಲ್ ಪಾಲ್ಸಿ ಎಲ್ಲಕ್ಕೂ ಸ್ಟೆಮ್ ಸೆಲ್ ಚಿಕಿತ್ಸೆ ಇದೆ ಅನ್ನೋ ಜಾಹೀರಾತುಗಳಿವೆ. ಅದನ್ನು ನಂಬಿ ಸಾಲ ಮಾಡುವ ಅಪ್ಪ ಅಮ್ಮಂದಿರಿಗೆ ಇದು ಬರೀ ಬಯಾಲಜಿ ವಿಷಯ ಅಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕಾಂಡಕೋಶಗಳ ಕಸಿಯನ್ನು ಮಾತ್ರ, ಅದೂ ಒಪ್ಪಿಗೆ ಪಡೆದ ಕಾಯಿಲೆಗಳಿಗಷ್ಟೇ, ಚಿಕಿತ್ಸೆಯಾಗಿ ಕೊಡಬಹುದು. ಉಳಿದದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲೇ ನಡೆಯಬೇಕು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಾತು ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಕೋಶ, ಎಲ್ಲಿಗೆ ಹಾಕ್ತಾರೆ? ಸಿಟಿಆರ್‌ಐ ವೆಬ್‌ಸೈಟ್‌ನಲ್ಲಿ ಟ್ರಯಲ್ ನೋಂದಣಿ ಆಗಿದೆಯಾ? ದುಡ್ಡು ಕೇಳ್ತಿದ್ದಾರಾ? ಟ್ರಯಲ್ ಅಂತ ಹೇಳಿ ಲಕ್ಷಗಟ್ಟಲೆ ಬಿಲ್ ಕೊಟ್ಟರೆ ಸಹಿ ಹಾಕೋ ಮೊದಲು ಬೇರೆ ನರರೋಗ ತಜ್ಞರನ್ನು ಒಮ್ಮೆ ಕೇಳಿ.