ಒಡೆದ ಕೆರೆಯ ಏರಿ: ಕಾರಣವನ್ನು ಶೋಧಿಸುವ ಕ್ರಮ

ಮಳೆಗಾಲದಲ್ಲಿ ಕೆರೆಯ ಏರಿಯು ಒಡೆದರೆ ಗ್ರಾಮಸ್ಥರು ಮೊದಲು ಮಾಡುವ ಕೆಲಸವೆಂದರೆ ಮಣ್ಣಿನ ಚೀಲಗಳನ್ನು ಒಟ್ಟಿ ಬಾಯಿ ಮುಚ್ಚುವುದು. ಮನೆಗಳಿಗೂ ಜೀವಕ್ಕೂ ಅಪಾಯವಿರುವಾಗ ಅದು ಯುಕ್ತವೇ ಸರಿ. ಆದರೆ ನೀರು ಹರಿದುಹೋಗಿ ಅಪಾಯವು ಕಳೆದ ಮೇಲೆಯೂ ಅದೇ ಅವಸರದಿಂದ ಮಣ್ಣು ತುಂಬಿದಲ್ಲಿ, ಏರಿಯು ಏತಕ್ಕೆ ಒಡೆಯಿತೆಂಬುದಕ್ಕೆ ಉಳಿದಿದ್ದ ಸಾಕ್ಷ್ಯವೂ ಆ ಮಣ್ಣಿನಡಿಯಲ್ಲಿಯೇ ಹೂತುಹೋಗುವುದು. ಕಾರಣವನ್ನರಿಯದೆ ಕಟ್ಟಿದ ಏರಿಯು ಬಹುಮಟ್ಟಿಗೆ ಅದೇ ಸ್ಥಳದಲ್ಲಿ ಪುನಃ ಒಡೆಯುವುದು. ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲುಗಳ ಸೀಮೆಯಲ್ಲಿ ಕೆರೆಯ ನೀರನ್ನೇ ನಂಬಿದ ಗದ್ದೆ ತೋಟಗಳು ಬಹಳವಾಗಿರುವುದರಿಂದ ಜಮೀನುದಾರರು ಈ ವಿಷಯವನ್ನು ಚೆನ್ನಾಗಿ ತಿಳಿದಿರತಕ್ಕದ್ದು.

ಈ ಸೀಮೆಯಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವುಂಟು. ಮಾಸೂರಿನ ಬಳಿ ಕುಮುದ್ವತಿ ನದಿಗೆ ಅಡ್ಡಲಾಗಿ ವಿಜಯನಗರದ ಅರಸರ ಕಾಲದಲ್ಲಿ ಕಟ್ಟಿದ ಮದಗದ ಕೆರೆಯ ಏರಿಯು ಸುಮಾರು 100 ಅಡಿ ಎತ್ತರವಾದುದು. ಅಷ್ಟು ಬಲವಾದ ಏರಿಯುಳ್ಳ ಕೆರೆಯೂ ಒಡೆದುಹೋಯಿತು. ಏರಿಯ ಗಾತ್ರದಲ್ಲಿ ಕೊರತೆಯಿರಲಿಲ್ಲ. ಹೆಚ್ಚಾದ ನೀರನ್ನು ಹೊರಬಿಡುವ ಕೋಡಿಯು ಸಾಲದಾಗಿತ್ತೆಂದು ಎಂಜಿನಿಯರರು ಬರೆದಿರುವರು. ಇಂಥಲ್ಲಿ ಏರಿಯನ್ನು ಎಷ್ಟು ದಪ್ಪವಾಗಿ ಕಟ್ಟಿದರೂ ಕೋಡಿಯನ್ನು ಅಗಲ ಮಾಡದೆ ಪ್ರಯೋಜನವಿಲ್ಲ.

ನೀರು ಏರಿಯ ಮೇಲೆ ಹತ್ತಿ ಹರಿದಿದ್ದರೆ ಅದರ ಗುರುತುಗಳು ಸ್ಪಷ್ಟವಾಗಿರುವುವು. ಒಡಕಿನ ಎರಡು ಪಕ್ಕಗಳಲ್ಲಿಯೂ ಏರಿಯ ನೆತ್ತಿಯ ಮೇಲೆ ಕಸಕಡ್ಡಿ, ನೊರೆಯ ಗೆರೆ, ತೆಳುವಾದ ಮೆಕ್ಕಲು ಕಾಣುವುದು. ಹೊರಮೈಯ ಹುಲ್ಲು ಕೆಳಮುಖವಾಗಿ ಮಲಗಿರುವುದು. ಇದಕ್ಕೆ ಬದಲಾಗಿ ನೆತ್ತಿಯು ಒಣಗಿದ್ದು, ಹುಲ್ಲು ನೆಟ್ಟಗಿದ್ದು, ನಡುವೆ ಮಾತ್ರ ಏರಿಯು ಬಾಯಿಬಿಟ್ಟಿದ್ದರೆ ನೀರು ಮೇಲಿನಿಂದ ಬಂದುದಲ್ಲ, ಒಳಗಿನಿಂದ ಕೊರೆದುಕೊಂಡು ಬಂದುದೆಂದು ತಿಳಿಯಬೇಕು. ಹೆಗ್ಗಣದ ಬಿಲ, ಏಡಿಯ ಬಿಲ, ಹುತ್ತ, ಕಡಿದ ಮರದ ಕೊಳೆತ ಬೇರು ಇವೆಲ್ಲವೂ ಅಂಥ ನೀರಿಗೆ ದಾರಿಗಳು. ಎರೆಮಣ್ಣಿನ ಏರಿಯಾದರೆ ಬೇಸಿಗೆಯ ಬಿರುಕುಗಳನ್ನೂ ನೋಡಬೇಕು. ಅವು ಕೂಡಿಕೊಳ್ಳುವ ಮೊದಲೇ ಕೆರೆಗೆ ಜೋರಾಗಿ ನೀರು ಬಂದರೆ ಅಪಾಯವು ಹೆಚ್ಚು.

ಎಲ್ಲಕ್ಕಿಂತ ಹೆಚ್ಚಾಗಿ ಶೋಧಿಸತಕ್ಕ ಸ್ಥಳವು ತೂಬಿನ ಸುತ್ತಣ ಮಣ್ಣು. ಗುಂಡಾದ ಕೊಳವೆಯ ಕೆಳಬದಿಗೆ ದಮ್ಮಸು ತಲಪುವುದು ಕಷ್ಟವಾದುದರಿಂದ ಅಲ್ಲಿ ಮಣ್ಣು ಸಡಿಲವಾಗಿ ಉಳಿಯುವುದು. ಕೊಳವೆಯ ಮಗ್ಗುಲಲ್ಲಿಯೇ ನೀರು ಹಾದಿ ಮಾಡಿಕೊಳ್ಳುವುದು. 1961ನೆಯ ಇಸವಿ ಜುಲೈ 12ರಂದು ಪುಣೆಯ ಮೇಲ್ಗಡೆಯ ಪಾನಶೇತ ಅಣೆಕಟ್ಟು ಒಡೆದ ಸಂಗತಿಯನ್ನು ಇಲ್ಲಿ ನೆನೆಯಬಹುದು. ಅಲ್ಲಿ ಇನ್ನೂ ಪೂರ್ತಿಯಾಗದಿದ್ದ ನೀರುಕಾಲುವೆಯ ಮೇಲಣ ಮಣ್ಣಿನ ಏರಿಯು ಮೊದಲು ಕುಸಿಯಿತು; ತಗ್ಗಿದ ಆ ಭಾಗದ ಮೇಲೆ ನೀರು ಆಮೇಲೆ ಹರಿಯಿತು. ಕಡೆಯ ಗಳಿಗೆಯಲ್ಲಿ ಬಂದು ನೋಡಿದವನು ನೀರು ಮೇಲೆ ಹತ್ತಿದ್ದರಿಂದಲೇ ಒಡೆಯಿತೆನ್ನುವನು. ಆದುದರಿಂದ ಕಡೆಗೆ ಕಂಡದ್ದು ಏನೆಂದು ಕೇಳಿದರೆ ಸಾಲದು, ಮೊದಲು ಆದದ್ದು ಏನೆಂದು ಕೇಳಬೇಕು.

ಮಣ್ಣಿನ ಜಾತಿಯನ್ನು ಪರೀಕ್ಷಿಸಲು ಖರ್ಚಿಲ್ಲದ ಒಂದು ಉಪಾಯವುಂಟು. ಒಡಕಿನ ಗೋಡೆಯಿಂದ ಕಡಲೆಕಾಳಿನಷ್ಟು ಹೆಂಟೆಯನ್ನು ತೆಗೆದು, ಗಾಜಿನ ಲೋಟದಲ್ಲಿ ತಿಳಿಯಾದ ಮಳೆನೀರನ್ನು ಹಾಕಿ, ಅದರಲ್ಲಿ ಮೆಲ್ಲಗೆ ಬಿಡಬೇಕು, ಕಲಕಬಾರದು. ಹೆಂಟೆಯು ಸುಮ್ಮನೆ ಉದುರಿ ನೀರು ತಿಳಿಯಾಗಿದ್ದರೆ ಭಯವು ಕಡಮೆ. ಐದು ಹತ್ತು ನಿಮಿಷಗಳಲ್ಲಿ ಅದರ ಸುತ್ತಲೂ ಹಾಲಿನಂತೆ ಮಬ್ಬು ಹರಡಿದರೆ ಅದು ನೀರಿನಲ್ಲಿ ತಾನಾಗಿ ಕದಡುವ ಜೇಡಿ. ಸಣ್ಣ ಸಂದಿಯಲ್ಲಿ ಜಿನುಗುವ ನೀರೂ ಅದನ್ನು ಕೊರೆಯಬಲ್ಲುದು. ಉಪ್ಪಿನಂಶವುಳ್ಳ ಬಾವಿಯ ನೀರಿನಲ್ಲಿ ಈ ದೋಷವು ಕಾಣದೆ ಹೋಗಬಹುದಾದುದರಿಂದ ಮಳೆನೀರೇ ಬೇಕು. ಅಂಥ ಮಣ್ಣನ್ನು ಹಾಗೆಯೇ ಪುನಃ ತುಂಬದೆ, ಸುಣ್ಣ ಬೆರಸುವ ವಿಷಯವಾಗಿಯೂ ಮರಳಿನ ಸೋಸುಪದರವನ್ನು ಇಡುವ ವಿಷಯವಾಗಿಯೂ ಎಂಜಿನಿಯರರನ್ನು ಕೇಳತಕ್ಕದ್ದು.

ಇನ್ನು ಊರೂರುಗಳ ನಡುವೆ ವೈರವನ್ನು ಹುಟ್ಟಿಸುವ ಸಂಗತಿಯೊಂದಿದೆ. ಏರಿಯು ರಾತ್ರಿಯಲ್ಲಿ ಒಡೆದರೆ, ಹಿನ್ನೀರಿನಲ್ಲಿ ಹೊಲ ಮುಳುಗುವವರೇ ಅದನ್ನು ಕಡಿದರೆಂಬ ಮಾತು ಬೆಳಗಾಗುವಷ್ಟರಲ್ಲಿ ಹರಡುವುದು. ನಿಜವಾಗಿ ಕಡಿದದ್ದೂ ಇರಬಹುದು. ಆದರೆ ಅದನ್ನು ನೆಲವು ಹೇಳಬೇಕೇ ಹೊರತು ಹಳೆಯ ಜಗಳವು ಹೇಳಬಾರದು. ಮನುಷ್ಯನು ಅಗೆದ ಮಣ್ಣು ಪಕ್ಕದಲ್ಲಿ ಗುಡ್ಡೆಯಾಗಿ ಬೀಳುವುದು, ನೀರು ಕೊರೆದ ಮಣ್ಣು ಕೊಚ್ಚಿಹೋಗಿ ಕೆಳಗಿನ ಗದ್ದೆಯಲ್ಲಿ ಹರಡುವುದು. ಗುದ್ದಲಿಯ ಏಟು ಗಟ್ಟಿ ಮಣ್ಣಿನಲ್ಲಿ ಚಪ್ಪಟೆಯಾದ ಗುರುತನ್ನು ಬಿಡುವುದು. ನೀರು ಬಾಯಿಯನ್ನು ಅಗಲಿಸಿದಂತೆ ಈ ಗುರುತುಗಳು ಅಳಿದುಹೋಗಿರಲೂಬಹುದು. ಆಗ ಯಾರ ಮೇಲೂ ಅಪರಾಧವನ್ನು ಹೊರಿಸಲು ಆಧಾರವಿರುವುದಿಲ್ಲ. ಊರಿನ ಹಿರಿಯರು ಈ ಮಾತನ್ನು ಧೈರ್ಯವಾಗಿ ಹೇಳಬೇಕು.

ಕಬ್ಬಿಣದ ಭಾಗವು ಮುರಿದಲ್ಲಿಯೂ ಶೋಧನೆಯ ರೀತಿಯು ಇದೇ. 2024ನೆಯ ಇಸವಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದು ವಾರದೊಳಗೆ ಅಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸಿ ನೀರನ್ನು ನಿಲ್ಲಿಸಿದರು. ಊರಿನ ತೂಬಿನ ಸರಳು ಮುರಿದರೆ ತುಂಡುಗಳನ್ನು ಗುಜರಿಗೆ ಹಾಕಬಾರದು, ಮುರಿದ ಮುಖಗಳನ್ನು ಒಂದಕ್ಕೊಂದು ಉಜ್ಜಿ ನೋಡಲೂಬಾರದು. ಆ ಮುಖದಲ್ಲಿ ಒಂದು ಭಾಗವು ಹಳೆಯ ತುಕ್ಕಿನಿಂದ ಕಪ್ಪಾಗಿದ್ದು ಉಳಿದದ್ದು ಹೊಳೆಯುತ್ತಿದ್ದರೆ ಬಿರುಕು ಹಿಂದೆಯೇ ಹುಟ್ಟಿತ್ತೆಂದೂ, ಕಡೆಯ ಏಟಿಗೆ ಉಳಿದ ಭಾಗವು ಮಾತ್ರ ಮುರಿಯಿತೆಂದೂ ತಿಳಿಯುವುದು.

ಗುರುತುಗಳು ಬಹಳ ದಿನ ಉಳಿಯವು. ದನಗಳು ತುಳಿಯುವುವು, ಇನ್ನೊಂದು ಮಳೆ ಬರುವುದು, ಮೆಕ್ಕಲನ್ನು ಹೊಲಕ್ಕೆ ಹೊರುವವರೂ ಉಂಟು. ಆದಕಾರಣ ಮೊದಲನೆಯ ದಿನವೇ ಒಡಕಿನ ಎರಡು ಕಡೆಗೂ ಹಗ್ಗ ಕಟ್ಟಿ, ಅಗಲ ಆಳಗಳನ್ನು ಅಳೆದು, ಅಳತೆಯ ಕೋಲನ್ನು ಪಕ್ಕದಲ್ಲಿರಿಸಿ ಭಾವಚಿತ್ರಗಳನ್ನು ತೆಗೆಯಬೇಕು. ನೀರಿನ ಅತ್ಯಧಿಕ ಮಟ್ಟಕ್ಕೆ ಗೂಟ ಹೊಡೆಯಬೇಕು. ನೀರುಗಂಟಿಯನ್ನೂ ಕಂಡವರನ್ನೂ ಬೇರೆ ಬೇರೆಯಾಗಿ ಕೇಳಿ, ಅವರು ಹೇಳಿದ ಹೊತ್ತನ್ನು ಬರೆದಿಡಬೇಕು. ಎಲ್ಲರನ್ನೂ ಕಟ್ಟೆಯ ಮೇಲೆ ಕೂಡಿಸಿ ಕೇಳಿದರೆ ಮೊದಲು ಮಾತನಾಡಿದವನ ಮಾತೇ ಎಲ್ಲರ ಮಾತಾಗುವುದು. ಹಿಂದಿನ ದಿನಗಳಲ್ಲಿ ಏರಿಯ ಬುಡದಲ್ಲಿ ಜಿನುಗುತ್ತಿದ್ದ ನೀರು ತಿಳಿಯಾಗಿತ್ತೋ ಕೆಂಪಾಗಿತ್ತೋ ಎಂಬುದು ಮುಖ್ಯವಾದ ಪ್ರಶ್ನೆ. ಮಳೆಯ ಪ್ರಮಾಣವನ್ನು ಊಹೆಯಿಂದ ಬರೆಯದೆ, ಹೋಬಳಿ ಮತ್ತು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಮಾಪಕಗಳನ್ನಿಟ್ಟಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕವನ್ನು ಪಡೆಯತಕ್ಕದ್ದು.

ಈ ಬರಹವನ್ನೂ ಚಿತ್ರಗಳನ್ನೂ ಪಂಚನಾಮೆಯೊಡನೆ ದುರಸ್ತಿಯ ಅರ್ಜಿಗೆ ಲಗತ್ತಿಸಬೇಕು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಾಗಿ 2,000 ಹೆಕ್ಟೇರಿನ ವರೆಗೆ ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದುವು. ಅದಕ್ಕೆ ಕಡಮೆಯಾದ ಕೆರೆಗಳಿಗೆ ಪಂಚಾಯತಿಯ ಮೂಲಕ ಬರೆಯತಕ್ಕದ್ದು.