ಹಲ್ಲು ಕಡಿತ, ದವಡೆ ಬಿಗಿತ: ಪತ್ತೆಯಿಂದ ಚಿಕಿತ್ಸೆಯವರೆಗೆ

ಬಾಯಿ ಮುಚ್ಚಿದ್ದರೂ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿರಬೇಕಾಗಿಲ್ಲ. ದವಡೆ ಆರಾಮವಾಗಿದ್ದಾಗ ಎರಡರ ನಡುವೆ ಸುಮಾರು 2ರಿಂದ 4 ಮಿಲಿಮೀಟರ್ ಅಂತರ ಇರುತ್ತದೆ. ಅಗಿಯುವಾಗ, ನುಂಗುವಾಗ ಹಲ್ಲಿಗೆ ಹಲ್ಲು ತಾಗುವ ಹೊತ್ತನ್ನೆಲ್ಲ ಕೂಡಿಸಿದರೂ ಸಾಮಾನ್ಯವಾಗಿ ದಿನಕ್ಕೆ ಅರ್ಧ ಗಂಟೆ ಆಗುವುದಿಲ್ಲ. ಹಲ್ಲು ಕಡಿಯುವವರಲ್ಲಿ, ದವಡೆ ಬಿಗಿಹಿಡಿಯುವವರಲ್ಲಿ ಈ ಲೆಕ್ಕ ತಪ್ಪುತ್ತದೆ. ದಂತವೈದ್ಯರು ಇದನ್ನು ಬ್ರಕ್ಸಿಸಂ ಎನ್ನುತ್ತಾರೆ.

ಇದು ಹಗಲಿನದೋ ರಾತ್ರಿಯದೋ ಎಂಬುದು ಮೊದಲು ತಿಳಿಯಬೇಕು, ಏಕೆಂದರೆ ಎರಡಕ್ಕೂ ಚಿಕಿತ್ಸೆ ಬೇರೆ. ಹಗಲಿನದು ಬಹುತೇಕ ಸದ್ದಿಲ್ಲದ ಬಿಗಿತ. ಕಂಪ್ಯೂಟರ್ ಮುಂದೆ ಕುಳಿತಾಗ, ಟ್ರಾಫಿಕ್‌ನಲ್ಲಿ ಸ್ಟೀರಿಂಗ್ ಹಿಡಿದಾಗ, ಸೂಜಿಗೆ ದಾರ ಪೋಣಿಸುವಾಗ ದವಡೆ ತಾನಾಗಿಯೇ ಗಟ್ಟಿಯಾಗುತ್ತದೆ. ರಾತ್ರಿಯದರಲ್ಲಿ ಕರಕರ ಸದ್ದು ಬರುವುದುಂಟು. ಅದು ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆಯೇ ಹೊರತು ಕಡಿಯುವವರಿಗಲ್ಲ. ವಯಸ್ಕರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ರಾತ್ರಿಯ ಅಭ್ಯಾಸ ಇದೆಯೆಂಬ ಅಂದಾಜಿದೆ.

ಒಂಟಿಯಾಗಿ ಮಲಗುವವರು ಕನ್ನಡಿ ಮುಂದೆ ನಿಂತು ಪರೀಕ್ಷಿಸಿಕೊಳ್ಳಬಹುದು. ಕೋರೆಹಲ್ಲಿನ ತುದಿ ಚಪ್ಪಟೆಯಾಗಿದೆಯೇ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿದೆಯೇ, ಕೆನ್ನೆಯ ಒಳಬದಿಯಲ್ಲಿ ಹಲ್ಲುಗಳು ಸೇರುವ ಮಟ್ಟಕ್ಕೆ ಬಿಳಿ ಗೆರೆ ಇದೆಯೇ ಎಂದು ನೋಡಬೇಕು. ಕಿವಿಯ ಮುಂದೆ, ಕೆಳಕೆನ್ನೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿದರೆ ಉಬ್ಬುವ ಸ್ನಾಯು ಒತ್ತಿದಾಗ ನೋಯುತ್ತಿದ್ದರೆ ಅದೂ ಸುಳಿವೇ. ಎದ್ದ ಕೂಡಲೇ ಕಣತಲೆ ನೋವು ಇದ್ದು, ಹೊತ್ತು ಏರಿದಂತೆ ಇಳಿಯುವುದು ಇನ್ನೊಂದು ಸುಳಿವು. ಇವುಗಳಲ್ಲಿ ಒಂದೇ ಕಂಡರೆ ತೀರ್ಮಾನಕ್ಕೆ ಬರಬಾರದು. ಹಲ್ಲಿನ ಸವೆತಕ್ಕೆ ಅಡಿಕೆಯೂ, ಹೊಟ್ಟೆಯ ಆಮ್ಲವೂ ಕಾರಣವಾಗಬಹುದು.

ಹಾನಿ ಹಲ್ಲಿನಿಂದ ಶುರು. ಹೊರಕವಚವಾದ ಎನಾಮೆಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಕೆಳಗಿನ ಹಳದಿ ಪದರ ಬಯಲಾದಾಗ ತಣ್ಣೀರು ಕುಡಿದರೂ ಜುಂ ಎನ್ನುತ್ತದೆ. ಸವೆತಕ್ಕಿಂತ ಬಿರುಕು ಹೆಚ್ಚು ಕಾಡುತ್ತದೆ. ಕೋಡುಬಳೆ ಕಚ್ಚುವಾಗಲೋ ಕಚ್ಚಿದ್ದನ್ನು ಬಿಡುವಾಗಲೋ ಒಂದೇ ಹಲ್ಲು ಚುಳ್ಳೆಂದರೆ ಬಿರುಕನ್ನು ಶಂಕಿಸಬೇಕು. ಇಂಥ ಬಿರುಕು ಎಕ್ಸ್-ರೇಯಲ್ಲಿ ಅನೇಕ ಸಲ ಕಾಣುವುದಿಲ್ಲ. ತುಂಬಿಸಿದ ಸಿಮೆಂಟು, ಕ್ಯಾಪು, ಇಂಪ್ಲಾಂಟ್ ಮುರಿಯುವುದೂ ಉಂಟು. ಕಿವಿಯ ಮುಂದಿರುವ ದವಡೆ ಕೀಲಿಗೆ ಒತ್ತಡ ಬಿದ್ದರೆ ನೋವು ಕಿವಿಯದೇ ಎನಿಸುತ್ತದೆ. ಕಿವಿಯಲ್ಲಿ ಏನೂ ಇಲ್ಲವೆಂದು ಇಎನ್‌ಟಿ ವೈದ್ಯರು ಹೇಳಿದ ಮೇಲೆ ದಂತವೈದ್ಯರ ಬಳಿ ಬರುವವರಿದ್ದಾರೆ. ಬಾಯಿ ತೆರೆದಾಗ ಬರೀ ಟಕ್ ಎಂದು ಸದ್ದಾಗಿ ನೋವಿಲ್ಲದಿದ್ದರೆ ಚಿಕಿತ್ಸೆ ಬೇಕಿಲ್ಲ.

ಬಾಯಿ ತೆರೆದಾಗ ಮೂರು ಬೆರಳು ಒಟ್ಟಿಗೆ, ಒಂದರ ಮೇಲೊಂದು, ಹಿಡಿಸದಿದ್ದರೆ ಮಾತ್ರ ತಡಮಾಡಬಾರದು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಖಾರ ತಿಂದರೆ ಉರಿ, ಬಾಯಿ ತೆರೆಯಲು ಬಿಗಿತ ಕಂಡರೆ ಅದು ಹಲ್ಲು ಕಡಿತವಲ್ಲ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಅದು ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ.

ಹಲ್ಲಿನ ಸಾಲು ಸರಿಯಿಲ್ಲದ್ದರಿಂದಲೇ ಕಡಿತ ಬರುತ್ತದೆಂದು ಹಿಂದೆ ನಂಬಿದ್ದರು. ಈಗಿನ ತಿಳಿವಳಿಕೆಯಂತೆ ಇದರ ಮೂಲ ಮಿದುಳಿನಲ್ಲಿದೆ: ನಿದ್ದೆಯ ನಡುವೆ ಕ್ಷಣಮಾತ್ರ ಎಚ್ಚರದತ್ತ ಹೊರಳಿದಾಗ ದವಡೆಯ ಸ್ನಾಯುಗಳು ಚಲಿಸುತ್ತವೆ. ಮನಸ್ಸಿನ ಒತ್ತಡ, ಕಾಫಿ, ಮದ್ಯ, ತಂಬಾಕು ಇದನ್ನು ಹೆಚ್ಚಿಸುತ್ತವೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳಿಂದಲೂ ಕೆಲವರಲ್ಲಿ ಶುರುವಾಗುತ್ತದೆ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸಬಹುದು.

ಹಗಲಿನ ಬಿಗಿತಕ್ಕೆ ಖರ್ಚಿಲ್ಲದ ಅಭ್ಯಾಸವೇ ಮದ್ದು. ‘ಮ್’ ಎಂದು ಗುನುಗಿದರೆ ತುಟಿ ಮುಚ್ಚಿದ್ದರೂ ಹಲ್ಲುಗಳು ಬಿಡಿಯಾಗಿಯೇ ಉಳಿಯುತ್ತವೆ. ದವಡೆ ಇರಬೇಕಾದ ಸ್ಥಿತಿ ಅದೇ. ಮಾನಿಟರಿನ ಅಂಚಿಗೆ, ಮೊಬೈಲಿನ ಹಿಂಬದಿಗೆ ಬಿಂದಿಯಷ್ಟು ಸ್ಟಿಕರ್ ಅಂಟಿಸಿ, ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ತಾಗಿದೆಯೇ ಎಂದು ನೋಡಿಕೊಂಡು ಸಡಿಲಿಸಬೇಕು. ವಾರಗಟ್ಟಲೆ ಮಾಡಿದರೆ ಮಾತ್ರ ರೂಢಿಯಾಗುತ್ತದೆ. ಸ್ನಾಯು ನೋವಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಹತ್ತು ಹದಿನೈದು ನಿಮಿಷ ಸಾಕು. ಚ್ಯೂಯಿಂಗ್ ಗಮ್ ಬಿಡಬೇಕು.

ರಾತ್ರಿಯದಕ್ಕೆ ಸಂಜೆಯ ನಂತರದ ಕಾಫಿ, ಮದ್ಯ ಬಿಡುವುದು ಮೊದಲ ಹೆಜ್ಜೆ. ಜೋರು ಗೊರಕೆ, ಉಸಿರು ಕಟ್ಟಿದಂತಾಗಿ ಏಳುವುದು, ಹಗಲಲ್ಲಿ ತೂಕಡಿಕೆ ಇದ್ದರೆ ಮೊದಲು ನಿದ್ರಾ ಪರೀಕ್ಷೆ ಆಗಬೇಕು, ಏಕೆಂದರೆ ಸ್ಲೀಪ್ ಆಪ್ನಿಯಾ ಇರುವ ಕೆಲವರಲ್ಲಿ ಹಲ್ಲು ಕಾಯಲು ಮೇಲ್ದವಡೆಗೆ ಹಾಕುವ ಗಾರ್ಡ್ ಉಸಿರಾಟವನ್ನು ಕೆಡಿಸಬಹುದು. ಉಳಿದವರಿಗೆ ಹಲ್ಲಿನ ಅಚ್ಚು ತೆಗೆದು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡಿಕೊಡುವ ನೈಟ್ ಗಾರ್ಡ್ ಒಳ್ಳೆಯದು. ಅದು ಕಡಿತವನ್ನು ನಿಲ್ಲಿಸುವುದಿಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ, ಅಷ್ಟೇ. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚುವ ಅಂಗಡಿ ಗಾರ್ಡ್‌ಗಳು ಅಗ್ಗವಾದರೂ, ಮೆತ್ತನೆಯದು ಸಿಕ್ಕಿತೆಂದು ಕೆಲವರ ದವಡೆ ಇನ್ನಷ್ಟು ಕಚ್ಚುತ್ತದೆ. ಗಟ್ಟಿ ಗಾರ್ಡನ್ನು ತಣ್ಣೀರಲ್ಲೇ ಬ್ರಷ್‌ನಿಂದ ತೊಳೆಯಬೇಕು, ಬಿಸಿನೀರಿಗೆ ಸೊಟ್ಟಗಾಗುತ್ತದೆ.

ಬೊಟಾಕ್ಸ್ ಚುಚ್ಚುಮದ್ದು ಕಚ್ಚುವ ಬಲವನ್ನು ಮೂರು ನಾಲ್ಕು ತಿಂಗಳು ತಗ್ಗಿಸುತ್ತದೆ, ಆಮೇಲೆ ಮತ್ತೆ ಚುಚ್ಚಬೇಕು. ಹಾಗಾಗಿ ಅದು ಮೊದಲ ಆಯ್ಕೆಯಲ್ಲ. ಕಡಿತ ನಿಲ್ಲಿಸಲೆಂದು ಚೆನ್ನಾಗಿರುವ ಹಲ್ಲುಗಳನ್ನು ಉಜ್ಜಿ ಸರಿಪಡಿಸುವ ಸಲಹೆಗೆ ಒಪ್ಪುವ ಮೊದಲು ಇನ್ನೊಬ್ಬ ದಂತವೈದ್ಯರನ್ನು ಕೇಳುವುದು ಲೇಸು. ಉಜ್ಜಿದ್ದು ಮರಳಿ ಬರುವುದಿಲ್ಲ. ಸವೆದ ಹಲ್ಲಿಗೆ ಕಾಂಪೋಸಿಟ್ ಅಥವಾ ಕ್ಯಾಪು ಹಾಕಿಸಿದ ಮೇಲೂ ಗಾರ್ಡ್ ಬೇಕೇ ಬೇಕು.

ಮಕ್ಕಳ ವಿಷಯ ಬೇರೆ. ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳು ಎಂಬ ಮಾತು ಮನೆಮನೆಯಲ್ಲಿದೆ, ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ. ಹುಳುವಿನ ಮಾತ್ರೆಯನ್ನು ಅದರ ಕಾಲಕ್ಕೆ ಕೊಡಲಿ, ಹಲ್ಲು ಕಡಿತಕ್ಕೆಂದು ಬೇಡ. ಬಹುತೇಕ ಮಕ್ಕಳಲ್ಲಿ ಬೆಳೆಯುತ್ತ ಇದು ತಾನಾಗಿ ನಿಲ್ಲುತ್ತದೆ. ದವಡೆ ಬೆಳೆಯುತ್ತಿರುವುದರಿಂದ ಗಾರ್ಡ್ ಸಾಮಾನ್ಯವಾಗಿ ಹಾಕುವುದಿಲ್ಲ. ಮಗು ಬಾಯಿ ತೆರೆದು ಮಲಗುತ್ತಿದ್ದರೆ, ಗೊರಕೆ ಹೊಡೆಯುತ್ತಿದ್ದರೆ ಮೂಗಿನ ಹಿಂಭಾಗದ ಅಡಿನಾಯ್ಡ್ ದಪ್ಪವಾಗಿದೆಯೇ ಎಂದು ಇಎನ್‌ಟಿ ವೈದ್ಯರಲ್ಲಿ ತೋರಿಸಬೇಕು.