ಹನ್ನೆರಡು ವರ್ಷದ ಬಿಪಿ ಮಾತ್ರೆ: ಹೃದಯಕ್ಕೆ ಏನಾಗುತ್ತದೆ?

ಪ್ರಶ್ನೆ: ನನಗೆ 58 ವರ್ಷ. 12 ವರ್ಷದಿಂದ ಬಿಪಿಗೆ ಅಮ್ಲೋಡಿಪಿನ್, ಮೆಟೊಪ್ರೊಲಾಲ್ ಎರಡೂ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಸಂಜೆ ಹೊತ್ತಿಗೆ ಎರಡೂ ಪಾದ ಊದುತ್ತವೆ. ಎಕೋ ಮಾಡಿಸಿದಾಗ ಹೃದಯದ ಗೋಡೆ ಸ್ವಲ್ಪ ದಪ್ಪಗಾಗಿದೆ ಎಂದರು. ಇಷ್ಟು ವರ್ಷ ಮಾತ್ರೆ ನುಂಗಿದ್ದಕ್ಕೇ ಹೀಗಾಯಿತು ಎಂದು ನಮ್ಮ ಭಾವ ಹೇಳುತ್ತಾರೆ. ಈಗ ಬಿಪಿ 130/80 ಇದೆ. ಮಾತ್ರೆ ಬಿಟ್ಟು ನೋಡಬಹುದೇ?
– ಹೆಸರು ಬೇಡ, ಅರಸೀಕೆರೆ

ಉತ್ತರ: ದಯವಿಟ್ಟು ಬಿಡಬೇಡಿ. ಅದರಲ್ಲೂ ಒಮ್ಮೆಲೇ ಬಿಡುವುದಂತೂ ಬೇಡವೇ ಬೇಡ. ಅದರ ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಗೋಡೆ ದಪ್ಪಗಾದ ವಿಚಾರ.

ಗರಡಿಯಲ್ಲಿ ಭಾರ ಎತ್ತಿದವರ ತೋಳು ದಪ್ಪಗಾಗುತ್ತದಲ್ಲ, ಹೃದಯದ ಎಡ ಕೆಳಕೋಣೆಯೂ ಹಾಗೆಯೇ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ರಕ್ತವನ್ನು ತಳ್ಳುತ್ತದೆ. ಎದುರಿಗೆ ಒತ್ತಡ ಹೆಚ್ಚಿದ್ದರೆ ಸ್ನಾಯು ಬೆಳೆಯುತ್ತದೆ. ತೋಳು ದಪ್ಪಗಾದರೆ ಬಲ ಬರುತ್ತದೆ, ಹೃದಯ ದಪ್ಪಗಾದರೆ ಬಿಗಿತ ಬರುತ್ತದೆ. ಬಿಗಿದ ಕೋಣೆ ಸಡಿಲಗೊಂಡು ರಕ್ತ ತುಂಬಿಕೊಳ್ಳಲಾರದು; ಮುಂದೆ ಏದುಸಿರು, ಬಡಿತದ ಏರುಪೇರು, ಹೃದಯ ವೈಫಲ್ಯ. ಬಿಪಿ ಇದೆಯೆಂದು ತಿಳಿಯುವ ಮೊದಲೇ, ಸದ್ದಿಲ್ಲದೆ ಕಳೆದ ವರ್ಷಗಳಲ್ಲಿ ಈ ಕೆಲಸ ಶುರುವಾಗಿರುವುದುಂಟು. ಮಾತ್ರೆಯಿಂದ ಒತ್ತಡ ಹತೋಟಿಗೆ ಬಂದರೆ ಈ ದಪ್ಪ ನಿಧಾನವಾಗಿ ಇಳಿಯುತ್ತದೆ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪಿನ ಔಷಧಿಗಳು ಇದರಲ್ಲಿ ಒಂದು ಕೈ ಮೇಲು.

80 ದಾಟಿದವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಹೈವೆಟ್ ಅಧ್ಯಯನದಲ್ಲಿ, ಬಿಪಿ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯ ವೈಫಲ್ಯ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಎಲ್ಲ ಮಾತ್ರೆಗಳೂ ಒಂದೇ ಎನ್ನುತ್ತಿಲ್ಲ. ಅಮೆರಿಕದ ಆಲ್‌ಹ್ಯಾಟ್ ಅಧ್ಯಯನದಲ್ಲಿ ಡಾಕ್ಸಜೋಸಿನ್ ಪಡೆದವರಲ್ಲಿ ಹೃದಯ ವೈಫಲ್ಯ ಹೆಚ್ಚು ಕಂಡದ್ದರಿಂದ 2000ದಲ್ಲಿ ಆ ಭಾಗವನ್ನೇ ನಿಲ್ಲಿಸಿದರು. ನಿಮ್ಮ ಮಾತ್ರೆ ಆ ಜಾತಿಯದಲ್ಲ.

ಪಾದದ ಊತಕ್ಕೆ ಬಹುಶಃ ಅಮ್ಲೋಡಿಪಿನ್ ಕಾರಣ. ಅದು ಸಣ್ಣ ಅಪಧಮನಿಗಳನ್ನು ಅಗಲಿಸುತ್ತದೆ, ಅಭಿಧಮನಿಗಳನ್ನು ಅಷ್ಟಾಗಿ ಅಗಲಿಸುವುದಿಲ್ಲ. ನಡುವೆ ನಿಂತ ಒತ್ತಡಕ್ಕೆ ನೀರಿನಂಶ ಅಂಗಾಂಶಕ್ಕೆ ಜಿನುಗುತ್ತದೆ. ಇದಕ್ಕೆ ಮೂತ್ರ ಹೋಗಿಸುವ ಮಾತ್ರೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಡೋಸ್ ಇಳಿಸಿದರೆ ಅಥವಾ ಟೆಲ್ಮಿಸಾರ್ಟಾನ್ ಜೊತೆ ಸೇರಿಸಿದರೆ ತಗ್ಗುತ್ತದೆ. ಆದರೆ ಮಲಗಿದಾಗ ಉಸಿರು ಕಟ್ಟಿದರೆ, ಮೂರ್ನಾಲ್ಕು ದಿನದಲ್ಲೇ ತೂಕ ಏರಿದರೆ, ಒಂದೇ ಕಾಲು ಊದಿ ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನು, ಒಮ್ಮೆಲೇ ಏಕೆ ಬಿಡಬಾರದು ಎಂಬುದು. ಮೆಟೊಪ್ರೊಲಾಲ್ ಅಡ್ರಿನಲಿನ್‌ನ ಹೊಡೆತದಿಂದ ಹೃದಯವನ್ನು ತಡೆದು ಕಾಯುತ್ತದೆ. ವರ್ಷಗಟ್ಟಲೆ ಹೀಗೆ ತಡೆದಾಗ, ಆ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳು ಹೃದಯದಲ್ಲಿ ಹೆಚ್ಚುತ್ತವೆ. ತಡೆ ತಟ್ಟನೆ ತೆಗೆದರೆ ಬಡಿತ ಓಡುತ್ತದೆ, ಬಿಪಿ ಜಿಗಿಯುತ್ತದೆ, ರಕ್ತನಾಳದಲ್ಲಿ ಅಡಚಣೆಯಿದ್ದವರಿಗೆ ಹೃದಯಾಘಾತವೂ ಆಗಬಹುದು. ಮದುವೆಗೆಂದು ಊರಿಗೆ ಹೋದವರು ಮಾತ್ರೆ ಮನೆಯಲ್ಲೇ ಮರೆತು ನಾಲ್ಕು ದಿನ ಸುಮ್ಮನಿರುತ್ತಾರೆ. ನನಗೆ ಭಯವಾಗುವುದು ಇದೇ. ಬಿಡಲೇಬೇಕಾದರೆ ವೈದ್ಯರ ನಿಗಾದಲ್ಲಿ ಒಂದೆರಡು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು. ಈಗಿನ 130/80 ಆ ಮಾತ್ರೆ ಕೊಟ್ಟದ್ದು ಎಂಬುದನ್ನೂ ಮರೆಯಬೇಡಿ.

ನಾಡಿ ನಿಮಿಷಕ್ಕೆ 50ಕ್ಕಿಂತ ಇಳಿದರೆ, ಎದ್ದು ನಿಂತಾಗ ತಲೆ ಸುತ್ತಿದರೆ ತಿಳಿಸಿ. ವರ್ಷಕ್ಕೊಮ್ಮೆ ಇಸಿಜಿ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿ, ಬಿಪಿ ಏರಿಸುವುದು ಅದು.

ಎಕೋ ವರದಿ ಮತ್ತು ಮಾತ್ರೆಯ ಪಟ್ಟಿ ಹಿಡಿದು ಈ ವಾರವೇ ನಿಮ್ಮ ವೈದ್ಯರನ್ನು ಕಂಡು ಊತದ ಬಗ್ಗೆ ಮಾತಾಡಿ. ಅಲ್ಲಿಯವರೆಗೆ, ನಾಳೆಯ ಮಾತ್ರೆಯನ್ನು ಎಂದಿನಂತೆ ತೆಗೆದುಕೊಳ್ಳಿ.